ಇಂಡಸ್ಟ್ರಿಯಲ್ ಸೈಕಾಲಜಿಯಲ್ಲಿ ಪಿಜಿ: ಮೈಸೂರಿನಲ್ಲೇ ಓದಬಹುದಾ? ಡಿಸರ್ಟೇಶನ್‌ಗೆ ಗಾರ್ಮೆಂಟ್ಸ್ ಫ್ಯಾಕ್ಟರಿ ಸರಿಯಾ?

ಮಂಡ್ಯ_ಬಿಎ

ನಮಸ್ಕಾರ. ಮಂಡ್ಯದಲ್ಲಿ ಬಿಎ ಕೊನೇ ವರ್ಷ, ಮನೋವಿಜ್ಞಾನ ಮುಖ್ಯ ವಿಷಯಗಳಲ್ಲೊಂದು. ಮುಂದೆ ಕೈಗಾರಿಕಾ ಮತ್ತು ಸಾಂಘಿಕ ಮನೋವಿಜ್ಞಾನದಲ್ಲೇ (ಕೆಲಸದ ಜಾಗದಲ್ಲಿ ಜನರ ನಡವಳಿಕೆ ಓದುವ ಶಾಖೆ) ಪಿಜಿ ಮಾಡಬೇಕು ಅಂತ ಗಟ್ಟಿ ಮಾಡಿಕೊಂಡಿದ್ದೇನೆ. ಸೈಕಾಲಜಿ ಅಂದರೆ ಕೌನ್ಸೆಲಿಂಗ್ ಅಥವಾ ಕ್ಲಿನಿಕಲ್ ಅಂತಲೇ ಎಲ್ಲರೂ ತಿಳಿದಿರುವುದರಿಂದ ವಿವರವಾಗಿ ಹೇಳುವವರು ಸಿಕ್ಕಿಲ್ಲ.

ಮಾನಸಗಂಗೋತ್ರಿಯಲ್ಲಿ ಸೈಕಾಲಜಿ ಪಿಜಿ ಮಾಡುವುದು ಒಳ್ಳೆಯದೋ, ಎಂಬಿಎ ಎಚ್‌ಆರ್ ಮಾಡುವುದೋ? ಕೆಲಸ ಮಾಡಿಕೊಂಡೇ ದೂರಶಿಕ್ಷಣದಲ್ಲಿ ಓದಲು ಆಗುತ್ತದೆಯೇ? ಡಿಸರ್ಟೇಶನ್ (ಪಿಜಿಯ ಸಂಶೋಧನಾ ಪ್ರಬಂಧ) ಮಾಡುವುದಾದರೆ ಮದ್ದೂರು-ಶ್ರೀರಂಗಪಟ್ಟಣದ ಕಡೆಯ ಗಾರ್ಮೆಂಟ್ಸ್ ಕಾರ್ಮಿಕರ ಉದ್ಯೋಗ ತೃಪ್ತಿ ಮತ್ತು ಒತ್ತಡದ ಮೇಲೆ ಮಾಡುವ ಆಸೆ ಇದೆ. ಎಷ್ಟು ಜನ ಬೇಕು, ಯಾವ ಸ್ಕೇಲ್ (ಅಳೆಯುವ ಪ್ರಶ್ನಾವಳಿ), ಕನ್ನಡದಲ್ಲಿ ಹೇಗೆ? ಆಮೇಲೆ ಹೊರದೇಶಕ್ಕೆ ಹೋಗುವುದಾದರೆ ಈಗಿನಿಂದ ಏನು ತಯಾರಿ ಮಾಡಿಕೊಳ್ಳಬೇಕು?

ಕುಕ್ಕರಹಳ್ಳಿ ಕೆರೆ

ಮೊದಲು ದೂರಶಿಕ್ಷಣದ ವಿಚಾರ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲಿ ಹಳೆಯ ಮಾಹಿತಿ ನಂಬಿ ದುಡ್ಡು ಕಟ್ಟುವ ಅಪಾಯ ಇದೆ. 2025ರ ಜುಲೈ-ಆಗಸ್ಟ್ ಅವಧಿಯಿಂದ ಮನೋವಿಜ್ಞಾನವನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಹೊಸದಾಗಿ ನಡೆಸಬಾರದು ಎಂದು ಯುಜಿಸಿ ಹೇಳಿದೆ. 2021ರ ಸಹಾಯಕ ಮತ್ತು ಆರೋಗ್ಯ ವೃತ್ತಿಪರರ ಆಯೋಗದ ಕಾಯ್ದೆಯ ವ್ಯಾಪ್ತಿಗೆ ಮನೋವಿಜ್ಞಾನವೂ ಬಂದಿರುವುದು ಇದಕ್ಕೆ ಕಾರಣ. ನೀವು ಓದಲು ಹೊರಟಿರುವುದು ಕಾರ್ಖಾನೆಯ ಸೈಕಾಲಜಿ ಇರಬಹುದು, ಆದರೆ ಪದವಿಯ ಹೆಸರಿನಲ್ಲಿ ಮನೋವಿಜ್ಞಾನ ಇದ್ದರೆ ಈ ನಿಯಮ ಅನ್ವಯಿಸುತ್ತದೆ. ‘ಆನ್‌ಲೈನ್ ಎಂಎ ಸೈಕಾಲಜಿ, ಈಗಲೇ ಸೇರಿ’ ಎಂಬ ಜಾಹೀರಾತು ಕಂಡರೆ ಆ ವರ್ಷಕ್ಕೆ ಯುಜಿಸಿಯ ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಆ ಕೋರ್ಸು ಇದೆಯೇ ಎಂದು ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಇನ್ನು ಎಂಬಿಎ ಮತ್ತು ಪಿಜಿ ಸೈಕಾಲಜಿ. ಎರಡರಲ್ಲೂ ಕಲಿಸುವುದು ಬೇರೆ, ಮುಂದೆ ಸಿಗುವ ಕೆಲಸವೂ ಬೇರೆ. ಎಂಬಿಎ ಎಚ್‌ಆರ್‌ನಲ್ಲಿ ಕಾರ್ಮಿಕ ಕಾನೂನು, ಸಂಬಳದ ರಚನೆ, ಹಣಕಾಸು, ಮಾರ್ಕೆಟಿಂಗ್ ಎಲ್ಲ ಸ್ವಲ್ಪ ಸ್ವಲ್ಪ ಬರುತ್ತದೆ, ಕ್ಯಾಂಪಸ್ ನೇಮಕಾತಿಯ ಬಾಗಿಲು ಅಗಲ. ಮನೋವಿಜ್ಞಾನದ ಪಿಜಿಯಲ್ಲಿ ಅಳತೆ ಕಲಿಸುತ್ತಾರೆ: ಒಂದು ಪರೀಕ್ಷೆ ನಂಬಲರ್ಹವೇ, ಅದು ಅಳೆಯಬೇಕಾದ್ದನ್ನೇ ಅಳೆಯುತ್ತಿದೆಯೇ, ಈ ಸಂದರ್ಶನದಲ್ಲಿ ಪಾಸಾದವರು ನಿಜವಾಗಿ ಚೆನ್ನಾಗಿ ಕೆಲಸ ಮಾಡುತ್ತಾರೆಯೇ ಎಂಬ ಪ್ರಶ್ನೆಗಳಿಗೆ ಅಂಕಿ-ಅಂಶದಲ್ಲಿ ಉತ್ತರ ಕೊಡುವುದು. ಫ್ಯಾಕ್ಟರಿಯ ಕಲ್ಯಾಣಾಧಿಕಾರಿ ಅಥವಾ ಪ್ಲಾಂಟ್ ಎಚ್‌ಆರ್ ಆಗುವುದೇ ಗುರಿಯಾದರೆ ನಮ್ಮ ಕಡೆ ಎಂಎಸ್‌ಡಬ್ಲ್ಯು (ಸಮಾಜಕಾರ್ಯ), ಎಂಬಿಎ ಮಾಡಿದವರನ್ನೇ ಹೆಚ್ಚು ತೆಗೆದುಕೊಳ್ಳುತ್ತಾರೆ. ಆಯ್ಕೆ ಪರೀಕ್ಷೆ ರಚನೆ, ಅಸೆಸ್‌ಮೆಂಟ್ ಸೆಂಟರ್ (ಹಲವು ಚಟುವಟಿಕೆ ಮಾಡಿಸಿ ಅಭ್ಯರ್ಥಿಯನ್ನು ಅಳೆಯುವ ವಿಧಾನ), ನೌಕರರ ಸಮೀಕ್ಷೆ, ಪೀಪಲ್ ಅನಾಲಿಟಿಕ್ಸ್ (ನೌಕರರ ಅಂಕಿ-ಅಂಶದ ವಿಶ್ಲೇಷಣೆ), ಬೋಧನೆ, ಸಂಶೋಧನೆ ಇವುಗಳಲ್ಲಿ ಒಲವಿದ್ದರೆ ಮನೋವಿಜ್ಞಾನವೇ ಸರಿ. ಈ ಕೆಲಸಗಳಲ್ಲಿ ಬಹುಪಾಲು ಬೆಂಗಳೂರಿನಲ್ಲಿವೆ ಎನ್ನುವುದನ್ನೂ ಮೊದಲೇ ತಿಳಿದುಕೊಂಡಿರಿ.

ಮೈಸೂರಿನ ವಿಭಾಗ ಶುರುವಾದದ್ದು 1924ರಲ್ಲಿ, ಮಹಾರಾಜ ಕಾಲೇಜಿನಲ್ಲಿ. ಕಲ್ಕತ್ತಾದ ವಿಭಾಗ (1916) ಇದಕ್ಕಿಂತ ಎಂಟೇ ವರ್ಷ ಹಿರಿದು. ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ, 1935ರಲ್ಲಿ ಮೈಸೂರಿನ ಮನೆಯಿಂದಲೇ ರೇಡಿಯೋ ಕೇಂದ್ರ ಶುರು ಮಾಡಿದವರು ಎಂದೇ ಅವರು ಹೆಚ್ಚು ಪ್ರಸಿದ್ಧರು. ಅವರು ಲಂಡನ್ನಿನಲ್ಲಿ ಮನೋವಿಜ್ಞಾನಿ ಸ್ಪಿಯರ್‌ಮನ್ ಬಳಿ ಕಲಿತವರು. ಫ್ಯಾಕ್ಟರ್ ಅನಾಲಿಸಿಸ್‌ಗೆ (ಹಲವು ಅಳತೆಗಳ ಹಿಂದಿರುವ ಕೆಲವೇ ಮೂಲಾಂಶಗಳನ್ನು ಹುಡುಕುವ ವಿಧಾನ) ಬುನಾದಿ ಹಾಕಿದವರು ಅದೇ ಸ್ಪಿಯರ್‌ಮನ್. ಹಾಗಾಗಿ ಮೈಸೂರಿನಲ್ಲಿ ಕುಳಿತು ಮಾನಸಿಕ ಅಳತೆಯನ್ನು ಶ್ರದ್ಧೆಯಿಂದ ಕಲಿಯುವುದಕ್ಕೆ ನೂರು ವರ್ಷದ ಹಿನ್ನೆಲೆ ಇದೆ.

ಆದರೆ ಎಲ್ಲೇ ಸೇರುವುದಿರಲಿ, ಆ ವರ್ಷದ ಸಿಲಬಸ್ ಪಿಡಿಎಫ್ ಇಳಿಸಿಕೊಂಡು ನಾಲ್ಕೂ ಸೆಮಿಸ್ಟರ್ ಓದಿ. ಸಾಂಘಿಕ ನಡವಳಿಕೆಯ ಪತ್ರಿಕೆ ಒಂದೇ ಇದೆಯೋ, ಸಿಬ್ಬಂದಿ ಆಯ್ಕೆ, ತರಬೇತಿ, ಸಂಸ್ಥೆಯ ಅಭಿವೃದ್ಧಿ ಅಂತ ಬೇರೆ ಬೇರೆ ಪತ್ರಿಕೆಗಳಿವೆಯೋ? ಸೈಕೋಮೆಟ್ರಿಕ್ಸ್ (ಮಾನಸಿಕ ಅಳತೆಯ ಶಾಸ್ತ್ರ) ಕಡ್ಡಾಯವೋ ಐಚ್ಛಿಕವೋ? ಡಿಸರ್ಟೇಶನ್‌ಗೆ ಎಷ್ಟು ಕ್ರೆಡಿಟ್? ಐಚ್ಛಿಕ ಪತ್ರಿಕೆ ಸಿಲಬಸ್‌ನಲ್ಲಿದ್ದರೂ ಇಂತಿಷ್ಟು ಮಂದಿ ಆರಿಸಿಕೊಳ್ಳದಿದ್ದರೆ ಆ ವರ್ಷ ನಡೆಯದೇ ಹೋಗಬಹುದು. ಕಳೆದ ಎರಡು ವರ್ಷ ಅದು ನಡೆದಿದೆಯೇ ಅಂತ ವಿಭಾಗದ ಕಚೇರಿಯಲ್ಲೇ ಕೇಳಿ. ತುಂಬ ಜನ ಕ್ಲಿನಿಕಲ್ ಕಡೆಗೇ ವಾಲುವುದರಿಂದ ಈ ತೊಂದರೆ ಸಾಮಾನ್ಯ.

ಇನ್ನೊಂದು ಅನುಕೂಲವೂ ಇದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು, ಅದಕ್ಕೆ ಪರಿಷತ್ತು ಒಪ್ಪಿದ ಕೋರ್ಸನ್ನೇ ಓದಿರಬೇಕು. ಕೈಗಾರಿಕಾ ಮನೋವಿಜ್ಞಾನಕ್ಕೆ ಆ ಪರಿಷತ್ತಿನ ನೋಂದಣಿ ಬೇಕಿಲ್ಲ. ಪಿಜಿ ಮುಗಿಸಿ ನೇರ ಕೆಲಸಕ್ಕೆ ಹೋಗಬಹುದು.

ಅಂಕಿಅಂಶ

ನಿಮ್ಮ ಡಿಸರ್ಟೇಶನ್ ಬಗ್ಗೆ ಬರೀತೀನಿ, ಯಾಕಂದ್ರೆ ಎರಡು ವರ್ಷದ ಕಲಿಕೆ ಪರೀಕ್ಷೆಗೆ ಬರೋದು ಅಲ್ಲೇ.

‘ಉದ್ಯೋಗ ತೃಪ್ತಿ ಮತ್ತು ಒತ್ತಡ’ ಅನ್ನೋ ವಿಷಯ ಸವೆದುಹೋಗಿದೆ. ಅದಕ್ಕಿಂತ ದೊಡ್ಡ ತೊಂದರೆ ಏನಪ್ಪಾ ಅಂದ್ರೆ, ಒಂದೇ ದಿನ ಒಂದೇ ಹಾಳೆಯಲ್ಲಿ ಒಬ್ಬರೇ ಎರಡಕ್ಕೂ ಉತ್ತರ ಬರೆದರೆ ಆವತ್ತಿನ ಮನಸ್ಥಿತಿಯೇ ಎರಡೂ ಕಡೆ ಇಳಿಯುತ್ತೆ. ಬೆಳಿಗ್ಗೆ ಸೂಪರ್‌ವೈಸರ್ ಬೈದಿದ್ರೆ ತೃಪ್ತಿ ಕಡಿಮೆ, ಒತ್ತಡ ಜಾಸ್ತಿ. ನಿಮಗೆ ಚೆಂದದ ಸಹಸಂಬಂಧ (ಎರಡು ಅಳತೆ ಒಟ್ಟಿಗೆ ಏರಿಳಿಯೋದು) ಸಿಗುತ್ತೆ, ಆದರೆ ಅದರಲ್ಲಿ ಎಷ್ಟು ನಿಜ, ಎಷ್ಟು ಆ ಹಾಳೆಯ ಪ್ರಭಾವ ಅಂತ ಬೇರೆ ಮಾಡೋಕೆ ಬರೋಲ್ಲ. ಎರಡು ದಾರಿ ಇದೆ: ಎರಡು ಅಳತೆಗಳ ನಡುವೆ ಎರಡು ವಾರ ಅಂತರ ಬಿಡಿ, ಇಲ್ಲಾ ಒಂದನ್ನು ದಾಖಲೆಯಿಂದ ತಗೊಳ್ಳಿ. ಗಾರ್ಮೆಂಟ್ಸ್‌ನಲ್ಲಿ ಹಾಜರಾತಿ ದಾಖಲೆ ಪಕ್ಕಾ ಇರುತ್ತೆ. ಮೂರು ತಿಂಗಳ ಗೈರುಹಾಜರಿ ದಿನಗಳನ್ನು ತಗೊಂಡರೆ ಅಧ್ಯಯನಕ್ಕೆ ತೂಕ ಬರುತ್ತೆ. ಬಹಳ ಜನರದ್ದು ಸೊನ್ನೆ-ಒಂದು ದಿನ, ಕೆಲವರದ್ದು ಹದಿನೈದು, ಹೀಗೆ ಒಂದು ಕಡೆ ವಾಲಿರುತ್ತೆ. ಹಾಗಾಗಿ ಪಿಯರ್‌ಸನ್ ಸಹಸಂಬಂಧ ಹಾಕಬೇಡಿ, ಅಂಕಿಗಳ ಬದಲು ಅವುಗಳ ಕ್ರಮಾಂಕ ನೋಡೋ ಸ್ಪಿಯರ್‌ಮನ್ ಶ್ರೇಣಿ ಸಹಸಂಬಂಧ ಹಾಕಿ. ರಿಗ್ರೆಶನ್ (ಕೆಲವು ಚಲಕಗಳಿಂದ ಇನ್ನೊಂದನ್ನು ಅಂದಾಜು ಮಾಡೋ ಲೆಕ್ಕ) ಬೇಕು ಅಂದ್ರೆ ಇಂಥ ವಾಲಿದ ಎಣಿಕೆಗೆ ಹೊಂದೋ ನೆಗೆಟಿವ್ ಬೈನಾಮಿಯಲ್.

ಎಷ್ಟು ಜನ ಅನ್ನೋದಕ್ಕೆ ‘ಎಲ್ಲರೂ 100 ತಗೋತಾರೆ’ ಅನ್ನೋದು ಉತ್ತರ ಅಲ್ಲ. ಜಿ-ಪವರ್ ಅಂತ ಉಚಿತ ಸಾಫ್ಟ್‌ವೇರ್ ಇದೆ. 0.30 ಸಹಸಂಬಂಧ ಇದ್ದರೆ ಅದನ್ನು ಹಿಡಿಯೋಕೆ (ಎರಡು ಬದಿಯ ಪರೀಕ್ಷೆ, 5% ಮಟ್ಟ, 80% ಪವರ್, ಅಂದ್ರೆ ಇರೋ ಸಂಬಂಧ ಕಣ್ಣಿಗೆ ಬೀಳೋ ಸಾಧ್ಯತೆ) ಸುಮಾರು 85 ಜನ ಸಾಕು. ಅದೇ 0.20 ಆದರೆ ಸುಮಾರು 194 ಬೇಕು. ಐದು ಸ್ವತಂತ್ರ ಚಲಕ ಇರೋ ರಿಗ್ರೆಶನ್‌ಗೆ ಮಧ್ಯಮ ಗಾತ್ರದ ಪರಿಣಾಮ ಅಂದುಕೊಂಡರೆ 92. ಇದರ ಮೇಲೆ ಅರ್ಧಂಬರ್ಧ ತುಂಬಿದ ಹಾಳೆಗಳಿಗಾಗಿ 15-20% ಸೇರಿಸಿಕೊಳ್ಳಿ.

ಇಲ್ಲಿ ಬಹುತೇಕರು ಎಡವೋ ಜಾಗ ಒಂದಿದೆ. ಗಾರ್ಮೆಂಟ್ಸ್‌ನಲ್ಲಿ ಜನ ಲೈನ್‌ಗಳಲ್ಲಿ ಕೂತಿರ್ತಾರೆ. ಒಂದು ಲೈನ್‌ನವರೆಲ್ಲ ಒಬ್ಬನೇ ಸೂಪರ್‌ವೈಸರ್ ಕೆಳಗೆ, ಒಂದೇ ಟಾರ್ಗೆಟ್. ಅವರ ಉತ್ತರಗಳೂ ಒಂದಕ್ಕೊಂದು ಹೋಲುತ್ತವೆ. ಲೈನ್‌ಗೆ 30 ಜನರಂತೆ 200 ಜನರನ್ನು ತಗೊಂಡಿರಿ, ಲೈನ್‌ಒಳಗಿನ ಹೋಲಿಕೆ ಬರೀ 0.05 ಇದೆ ಅಂತಿಟ್ಟುಕೊಳ್ಳಿ. ಈ ಹೋಲಿಕೆಯಿಂದ ಲೆಕ್ಕ ಎಷ್ಟು ಪಟ್ಟು ಸಡಿಲವಾಗುತ್ತೆ ಅನ್ನೋದೇ ವಿನ್ಯಾಸ ಪರಿಣಾಮ: 1 + (30 − 1) × 0.05, ಅಂದ್ರೆ 2.45. ನಿಮ್ಮ 200 ಜನ ಲೆಕ್ಕಕ್ಕೆ ಸುಮಾರು 82 ಜನರಷ್ಟೇ! ಎರಡು ಲೈನ್ ಪೂರ್ತಿ ತಗೊಳ್ಳೋ ಬದಲು ಹದಿನೈದು ಲೈನ್‌ಗಳಿಂದ ಎಂಟೆಂಟು ಜನರನ್ನು ಚೀಟಿ ಎತ್ತಿ ಆರಿಸಿ. ಹಾಳೆಯಲ್ಲಿ ಲೈನ್ ಸಂಕೇತ ಬರೆಯೋಕೆ ಮರೀಬೇಡಿ. ಆಮೇಲೆ ಅದನ್ನು ಸೇರಿಸೋಕೆ ಆಗಲ್ಲ.

ಸ್ಕೇಲ್: ತೃಪ್ತಿಯ ಬದಲು ಕೆಲಸದಲ್ಲಿನ ತೊಡಗಿಕೊಳ್ಳುವಿಕೆ ಅಳೆಯೋದಾದ್ರೆ ಉಟ್ರೆಕ್ಟ್ ಸ್ಕೇಲ್‌ನ 9 ಪ್ರಶ್ನೆಗಳ ರೂಪ ಇದೆ. ವಾಣಿಜ್ಯೇತರ ಸಂಶೋಧನೆಗೆ ಉಚಿತ. ಉತ್ತರ 0ಯಿಂದ 6ರವರೆಗೆ, ‘ಯಾವತ್ತೂ ಇಲ್ಲ’ದಿಂದ ‘ಪ್ರತಿದಿನ’ದವರೆಗೆ. ‘ಬಲವಾಗಿ ಒಪ್ಪುತ್ತೇನೆ, ಒಪ್ಪುತ್ತೇನೆ’ ಅನ್ನೋ ಮೆಟ್ಟಿಲುಗಳಿಗಿಂತ ‘ತಿಂಗಳಿಗೆ ಒಂದು ಸಲ, ವಾರಕ್ಕೆ ಒಂದು ಸಲ’ ಅನ್ನೋದು ಹೆಚ್ಚು ಓದದವರಿಗೂ ತಿಳಿಯುತ್ತೆ. ಯಾವ ಸ್ಕೇಲೇ ಆಗಲಿ, ಬಳಸೋಕೆ ಅನುಮತಿ ಬೇಕೋ ಬೇಡವೋ ನೋಡಿಕೊಂಡು ಇಮೇಲ್ ಪ್ರತಿ ಇಟ್ಟುಕೊಳ್ಳಿ. ವೈವಾದಲ್ಲಿ ಕೇಳ್ತಾರೆ.

ಕ್ರೋನ್‌ಬ್ಯಾಕ್ ಆಲ್ಫಾ (ಸ್ಕೇಲ್‌ನ ವಿಶ್ವಾಸಾರ್ಹತೆ ತೋರಿಸೋ ಅಂಕಿ) 0.70 ದಾಟಬೇಕು ಅಂತ ನೋಟ್ಸ್‌ನಲ್ಲಿ ಇರುತ್ತೆ, ಯಾಕೆ ಅಂತ ಇರೋಲ್ಲ. ನಿಜವಾದ ಸಂಬಂಧ 0.40 ಇದೆ, ಒಂದು ಸ್ಕೇಲ್‌ನ ವಿಶ್ವಾಸಾರ್ಹತೆ 0.60, ಇನ್ನೊಂದರದ್ದು 0.70 ಅನ್ನಿ. 0.60 × 0.70ರ ವರ್ಗಮೂಲ ಸುಮಾರು 0.65. ನಿಮಗೆ ಕಾಣೋದು 0.40 × 0.65, ಅಂದ್ರೆ 0.26. ಕೆಟ್ಟ ಅನುವಾದದಿಂದ ಸ್ಕೇಲ್ ಸಡಿಲವಾದರೆ ಇರೋ ಸಂಬಂಧವೂ ಮಾಯ ಆಗೋದು ಹೀಗೆ.

ಲೆಕ್ಕಕ್ಕೆ ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್ ಕೊಳ್ಳೋ ಅಗತ್ಯ ಇಲ್ಲ. ಜಮೋವಿ, ಜಾಸ್ಪ್ ಎರಡೂ ಉಚಿತ. ಹೊರದೇಶದ ಆಸೆ ಇದ್ದರೆ ಮೊದಲ ಸೆಮಿಸ್ಟರ್‌ನಿಂದಲೇ ‘ಆರ್’ ಅನ್ನೋ ಅಂಕಿ-ಅಂಶದ ಪ್ರೋಗ್ರಾಮಿಂಗ್ ಭಾಷೆ ಕಲೀರಿ.

ಮಂಡ್ಯ_ಬಿಎ

ತುಂಬಾ ಧನ್ಯವಾದ ಸರ್. ಲೈನ್‌ಗಳ ಲೆಕ್ಕ ಗೊತ್ತೇ ಇರಲಿಲ್ಲ. ಅನುವಾದ ನಾನೇ ಮಾಡಿಕೊಂಡರೆ ಒಪ್ಪುತ್ತಾರಾ? ಹಾಜರಾತಿ ದಾಖಲೆ ಬೇಕು ಅಂದರೆ ಟೋಕನ್ ನಂಬರ್ ಬೇಕಾಗುತ್ತದೆ, ಆಗ ಕಾರ್ಮಿಕರು ಹೆದರಿಕೊಳ್ಳುವುದಿಲ್ಲವೇ? ಎಚ್‌ಆರ್‌ನವರನ್ನು ಹೇಗೆ ಒಪ್ಪಿಸುವುದು?

ಲೈನ್ ನಂಬರ್ 7

ಫ್ಯಾಕ್ಟರಿ ಕಡೆಯಿಂದ ಹೇಳ್ತೀನಿ ಕಣಮ್ಮ. ಹೆದರಿಕೊಳ್ಳೇ ಹೆದರ್ಕೋತಾರೆ, ಅದು ಸಹಜ. ‘ಇದು ಮ್ಯಾನೇಜ್‌ಮೆಂಟ್‌ನವರು ಕಳಿಸಿರೋದು’ ಅಂತ ಒಂದು ಮಾತು ಲೈನಲ್ಲಿ ಹರಿದರೆ ಎಲ್ಲಾ ಹಾಳೆಗಳಲ್ಲೂ ‘ತುಂಬಾ ಚೆನ್ನಾಗಿದೆ’ ಅಂತಲೇ ಬರುತ್ತೆ. ಎಲ್ಲರದ್ದೂ 5ಕ್ಕೆ 5 ಬಂದಮೇಲೆ ವಿಶ್ಲೇಷಣೆ ಮಾಡೋಕೆ ಏನೂ ಉಳಿಯಲ್ಲ.

ಹಾಗಾಗಿ ಹಾಳೆ ಹಂಚೋಕೆ ಸೂಪರ್‌ವೈಸರ್‌ನಾಗಲಿ ಎಚ್‌ಆರ್ ಹುಡುಗರನ್ನಾಗಲಿ ಬಿಡಬಾರದು, ನೀವೇ ಹಂಚಿ ನೀವೇ ವಾಪಸ್ ತಗೋಬೇಕು. ಫ್ಲೋರ್ ಮೇಲೆ ಬೇಡ. ತರಬೇತಿ ಕೊಠಡಿ ಇಲ್ಲಾ ಕ್ರೆಶ್ (ಮಕ್ಕಳನ್ನ ನೋಡ್ಕೊಳ್ಳೋ ಕೋಣೆ) ಪಕ್ಕದ ಖಾಲಿ ಜಾಗ ಕೇಳಿ. ಹಾಳೆ ಮೇಲೆ ಹೆಸರು, ಟೋಕನ್ ನಂಬರ್ ಎರಡೂ ಇರಬಾರದು, ನಿಮ್ಮದೇ ಒಂದು ಸಂಕೇತ ಇರಲಿ. ಸಂಕೇತಕ್ಕೂ ಟೋಕನ್‌ಗೂ ಹೊಂದಿಸೋ ಪಟ್ಟಿ ನಿಮ್ಮ ಗೈಡ್ ಹತ್ತಿರ ಬೀಗದಲ್ಲಿರಲಿ, ಫ್ಯಾಕ್ಟರಿಗೆ ಕೊಡಬೇಡಿ. ಹಾಜರಾತಿಯನ್ನು ಎಲ್ಲರದ್ದೂ ಒಟ್ಟಿಗೆ ಎಕ್ಸೆಲ್‌ನಲ್ಲಿ ತಗೊಂಡು ನಿಮ್ಮ ಮನೆಯಲ್ಲಿ ಹೊಂದಿಸಿ. ‘ಇಂಥಿಂಥವರದ್ದು ಕೊಡಿ’ ಅಂದ್ರೆ ಯಾರು ಉತ್ತರ ಕೊಟ್ಟರು ಅಂತ ಅವರಿಗೆ ತಿಳಿದುಹೋಗುತ್ತೆ. ದಾಖಲೆ ನೋಡ್ತೀನಿ ಅನ್ನೋದನ್ನ ಒಪ್ಪಿಗೆ ಪತ್ರದಲ್ಲಿ ಬರೆದು, ಬಾಯಲ್ಲೂ ಓದಿ ಹೇಳಿ, ಸಹಿ ಹಾಕಿಸ್ಕೊಳ್ಳಿ. ಬೇಡ ಅಂದವರನ್ನ ಬಿಟ್ಟುಬಿಡಿ. ಕಾಲೇಜಿನ ನೈತಿಕ ಸಮಿತಿಗೆ ಇದೆಲ್ಲ ಮೊದಲೇ ಹೋಗಿರಬೇಕು.

ಎಚ್‌ಆರ್‌ಗೆ ಕೊಡೋ ಪತ್ರ ಒಂದೇ ಪುಟ, ವಿಭಾಗದ ಲೆಟರ್‌ಹೆಡ್‌ನಲ್ಲಿ, ಗೈಡ್ ಸಹಿ ಸಮೇತ. ಅದರಲ್ಲಿ ಅವರು ಮೊದಲು ಹುಡುಕೋದು ಎಷ್ಟು ಹೊತ್ತು ಕೆಲಸ ನಿಲ್ಲುತ್ತೆ ಅಂತ. ನೀವೇ ಲೆಕ್ಕ ಹಾಕಿ ಬರೀರಿ: 120 ಜನ, ತಲಾ 20 ನಿಮಿಷ, ಒಟ್ಟು 40 ಗಂಟೆ ದುಡಿಮೆ. ಒಂದು ಲೈನಿನಿಂದ ಒಂದು ಸಲಕ್ಕೆ ಒಬ್ಬರು ಅಥವಾ ಇಬ್ಬರನ್ನೇ ಎಬ್ಬಿಸ್ತೀವಿ, ಹಾಗಾಗಿ ಯಾವ ಲೈನೂ ನಿಲ್ಲಲ್ಲ ಅಂತಲೂ ಬರೀರಿ. ಊಟದ ವಿರಾಮದಲ್ಲಿ ಮಾಡ್ತೀನಿ ಅನ್ನಬೇಡಿ. ಅರ್ಧ ಗಂಟೇಲಿ ಕೈ ತೊಳೆದು ಊಟ ಮಾಡಿ ಸ್ವಲ್ಪ ಕೂರೋ ಹೊತ್ತಿಗೆ ಬೆಲ್ ಆಗುತ್ತೆ, ಆ ಹೊತ್ತನ್ನ ಅವರಿಂದ ಕಿತ್ಕೊಳ್ಳೋದು ನ್ಯಾಯವಲ್ಲ. ಸಂಜೆ ಕೆಲಸ ಬಿಟ್ಟಮೇಲೆ ಅಂತೂ ಆಗೋದೇ ಇಲ್ಲ, ಮಳವಳ್ಳಿ ಕಡೆ ಹೋಗೋ ವ್ಯಾನು ಯಾರಿಗೂ ಕಾಯಲ್ಲ.

ದಿನ ನೋಡಿ ಆರಿಸ್ಕೊಳ್ಳಿ. ಶಿಪ್‌ಮೆಂಟ್ ವಾರ ಬೇಡ, ಸಂಬಳದ ಹಿಂದಿನ-ಮುಂದಿನ ದಿನ ಬೇಡ. ಗೈರುಹಾಜರಿ ಲೆಕ್ಕ ಹಾಕುವಾಗ ಊರಹಬ್ಬ, ಮಾರಿಹಬ್ಬ, ನಾಟಿ-ಕುಯ್ಲಿನ ದಿನಗಳನ್ನ ಗುರುತು ಹಾಕ್ಕೊಳ್ಳಿ. ಆ ರಜೆಗೂ ಕೆಲಸದ ಬೇಸರಕ್ಕೂ ಸಂಬಂಧ ಇಲ್ಲ. ಸಕ್ಕರೆ ಕಾರ್ಖಾನೆಗೆ ಹೋಗೋ ಯೋಚನೆ ಇದ್ದರೆ ಅಲ್ಲಿ ಅರೆಯುವ ಹಂಗಾಮು ಮುಗಿದಮೇಲೆ ಹಂಗಾಮಿ ಕೆಲಸಗಾರರು ಇರೋದೇ ಇಲ್ಲ. ಅದನ್ನ ‘ಕೆಲಸ ಬಿಟ್ಟವರು’ ಅಂತ ಎಣಿಸಿದರೆ ಇಡೀ ಅಧ್ಯಯನ ತಪ್ಪು.

ಅನುವಾದ ನೀವು ಮಾಡಬಹುದು, ಆದರೆ ನಿಮ್ಮದೊಂದೇ ಸಾಲಲ್ಲ. ಇಬ್ಬರು ಬೇರೆಬೇರೆ ಕನ್ನಡಕ್ಕೆ ಮಾಡಬೇಕು, ಎರಡನ್ನೂ ಕೂಡಿಸಿ ಒಂದು ಮಾಡಬೇಕು, ಮೂಲ ನೋಡದ ಮೂರನೆಯವರು ಅದನ್ನ ವಾಪಸ್ ಇಂಗ್ಲಿಷಿಗೆ ತರಬೇಕು, ಆಮೇಲೆ ಹೋಲಿಸಬೇಕು. ಅದಾದಮೇಲೆ 10-15 ಜನ ಟೈಲರ್, ಹೆಲ್ಪರ್, ಚೆಕರ್‌ಗಳನ್ನ ಕೂರಿಸ್ಕೊಂಡು ‘ಈ ಮಾತು ನಿಮಗೆ ಏನು ಅನ್ನಿಸ್ತು’ ಅಂತ ಒಂದೊಂದೇ ಪ್ರಶ್ನೆ ಕೇಳಬೇಕು. ಬಹಳ ಜನ ಬಿಡೋದೇ ಇದನ್ನ. ಕೆಲಸದಲ್ಲಿ ತಲ್ಲೀನರಾಗೋದನ್ನ ‘ಕೆಲಸದಲ್ಲಿ ಮುಳುಗಿರುತ್ತೇನೆ’ ಅಂತ ಬರೆದ್ರೆ ಓದಿದವರಿಗೆ ಸರಿ ಅನ್ಸುತ್ತೆ. ಲೈನಲ್ಲಿ ಕೂತವರು ‘ಹೌದು ಮೇಡಂ, ತಲೆ ಎತ್ತೋಕೂ ಆಗ್ದಷ್ಟು ಕೆಲಸ’ ಅಂತ ಅರ್ಥ ಮಾಡ್ಕೋತಾರೆ. ಹೊರೆಯನ್ನ ತೊಡಗಿಕೊಳ್ಳುವಿಕೆ ಅಂತ ಅಳೆದ ಹಾಗಾಯ್ತು. ‘ಕೆಲಸ ಮಾಡ್ತಾ ಇದ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ’ ಅನ್ನೋ ಮಾತಿನ ಕಡೆ ಹೋಗಿ. ‘ಬೇಸರ ಆಗುವುದಿಲ್ಲ’ ಅನ್ನೋ ಥರದ ಇಲ್ಲ-ಪ್ರಶ್ನೆಗೆ ‘ಇಲ್ಲ’ ಅಂದ್ರೆ ಒಪ್ಪಿದ್ರೋ ಬಿಟ್ರೋ ನಿಮಗೂ ತಿಳಿಯಲ್ಲ, ಅವರಿಗೂ ತಿಳಿಯಲ್ಲ.

ಕೊನೆಗೆ ಫ್ಯಾಕ್ಟರಿಗೆ ಎರಡು ಪುಟದ ಕನ್ನಡ ವರದಿ ಕೊಡಿ. ಹತ್ತು ಜನಕ್ಕಿಂತ ಕಡಿಮೆ ಇರೋ ಗುಂಪಿನ ಸರಾಸರಿ ಅದರಲ್ಲಿ ಇರಬಾರದು. ಎಂಟು ಜನರ ಲೈನ್ ಸರಾಸರಿ ಕೊಟ್ಟರೆ ಯಾರು ಏನಂದ್ರು ಅಂತ ಆ ಸೂಪರ್‌ವೈಸರ್ ಊಹಿಸಿಬಿಡ್ತಾನೆ. ಅನುಮತಿ ಪತ್ರವನ್ನ ಮೂರನೇ ಸೆಮಿಸ್ಟರ್‌ನಲ್ಲೇ ಕೊಟ್ಟುಬಿಡಿ. ಡೇಟಾ ತಗೊಳ್ಳೋದಕ್ಕೆ ಹದಿನೈದು ದಿನ ಸಾಕು, ‘ಬನ್ನಿ’ ಅನ್ನಿಸ್ಕೊಳ್ಳೋಕೆ ಎರಡು ತಿಂಗಳು ಬೇಕು. ಮೂರು ಕಡೆ ಕೊಟ್ಟಿರಿ.

ಕುಕ್ಕರಹಳ್ಳಿ ಕೆರೆ

ಮೇಲಿನ ಇಬ್ಬರೂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಆಯ್ಕೆಯ ಅಧ್ಯಾಯ ಓದುವಾಗ ನೋಟ್ಸಿನ ಇಸವಿ ನೋಡಿ. 1998ರ ಶ್ಮಿಟ್-ಹಂಟರ್ ಪ್ರಬಂಧದ ಪ್ರಕಾರ ಬುದ್ಧಿಶಕ್ತಿ ಪರೀಕ್ಷೆ ಮತ್ತು ರಚಿತ ಸಂದರ್ಶನ (ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅಂಕ ಪದ್ಧತಿ) ಎರಡರ ಭವಿಷ್ಯಸೂಚಕ ಸಿಂಧುತ್ವ, ಅಂದರೆ ಮುಂದಿನ ಕೆಲಸದ ಗುಣಮಟ್ಟದ ಜೊತೆಗಿನ ಸಹಸಂಬಂಧ, 0.51. 2022ರಲ್ಲಿ ಸ್ಯಾಕೆಟ್ ಮತ್ತು ಸಂಗಡಿಗರು ಲೆಕ್ಕ ಮರುಪರಿಶೀಲಿಸಿ ರಚಿತ ಸಂದರ್ಶನಕ್ಕೆ 0.42, ಬುದ್ಧಿಶಕ್ತಿ ಪರೀಕ್ಷೆಗೆ 0.31 ಎಂದರು. ಈಗಾಗಲೇ ಕೆಲಸದಲ್ಲಿರುವವರನ್ನು ಅಳೆದ ಅಧ್ಯಯನಗಳಿಗೂ ವ್ಯಾಪ್ತಿ ಸಂಕೋಚದ (ಆಯ್ಕೆಯಾದವರನ್ನಷ್ಟೇ ಅಳೆಯುವುದರಿಂದ ಅಂಕಗಳ ಹರವು ಕಿರಿದಾಗುವುದು) ದೊಡ್ಡ ತಿದ್ದುಪಡಿ ಹಾಕಿದ್ದರಿಂದ ಹಳೆಯ ಅಂಕಿಗಳು ಉಬ್ಬಿದ್ದವು ಎಂಬುದು ಅವರ ವಾದ. ಈ ಎರಡು ಪ್ರಬಂಧಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಿದರೆ ಒಂದು ಸೆಮಿಸ್ಟರಿನ ಸೈಕೋಮೆಟ್ರಿಕ್ಸ್ ತಾನಾಗಿ ಬರುತ್ತದೆ.

ಆಯ್ಕೆ ಮನೋವಿಜ್ಞಾನದ ಉದಾಹರಣೆಗಳು ಹತ್ತಿರದಲ್ಲೇ ಇವೆ. ವಾಯುಪಡೆಯ ಆಯ್ಕೆ ಮಂಡಳಿ ಮೈಸೂರಿನಲ್ಲೇ ಇದೆ. ಅಲ್ಲಿನ ಪದ ಸಾಹಚರ್ಯ ಪರೀಕ್ಷೆಯಲ್ಲಿ 60 ಪದ, ಪದಕ್ಕೆ 15 ಸೆಕೆಂಡ್. ರೈಲ್ವೆಯ ಸಹಾಯಕ ಲೋಕೋ ಪೈಲಟ್ ಹುದ್ದೆಗೆ ಕಂಪ್ಯೂಟರ್ ಸಾಮರ್ಥ್ಯ ಪರೀಕ್ಷೆಯ ಪ್ರತಿ ಭಾಗದಲ್ಲೂ ಕನಿಷ್ಠ 42 ಟಿ-ಸ್ಕೋರ್ (ಸರಾಸರಿಯನ್ನು 50 ಎಂದಿಟ್ಟುಕೊಂಡು ಹೊಂದಿಸಿದ ಅಂಕ) ಬೇಕು, ಒಂದರಲ್ಲಿ ಹೆಚ್ಚು ಬಂದರೂ ಇನ್ನೊಂದರ ಕೊರತೆ ತುಂಬುವುದಿಲ್ಲ. ಯಾಕೆ ಹಾಗೆ ಎಂದು ಯೋಚಿಸಿ ನೋಡಿ, ಒಳ್ಳೆಯ ಸೆಮಿನಾರ್ ವಿಷಯ.

ಬೋಧನೆ-ಸಂಶೋಧನೆಗೆ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಬರೆಯಬೇಕು: ಮೊದಲ ಪತ್ರಿಕೆ 50 ಪ್ರಶ್ನೆ, ಎರಡನೆಯದು 100, ಪ್ರಶ್ನೆಗೆ 2 ಅಂಕ, ಒಟ್ಟು ಮೂರು ಗಂಟೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ. ಎರಡನೇ ಪತ್ರಿಕೆಯಲ್ಲಿ ಮನೋವಿಜ್ಞಾನದ ಎಲ್ಲ ಶಾಖೆಗಳೂ ಬರುತ್ತವೆ, ಕೈಗಾರಿಕೆಯದ್ದು ಒಂದು ತುಣುಕು. ಮೊದಲ ವರ್ಷದ ಸಾಮಾನ್ಯ ಪತ್ರಿಕೆಗಳನ್ನು ಹಗುರವಾಗಿ ಎಣಿಸಬೇಡಿ.

ಅಂಕಿಅಂಶ

ಹೊರದೇಶದ ಪ್ರಶ್ನೆ ಬಾಕಿ ಉಳೀತು. ಅಮೆರಿಕದಲ್ಲಿ ಮಾಸ್ಟರ್ಸ್ ಎರಡು ವರ್ಷ, ಸಾಮಾನ್ಯವಾಗಿ ಖರ್ಚು ನಿಮ್ಮದೇ. ಪಿಎಚ್‌ಡಿಗೆ ನಾಲ್ಕರಿಂದ ಆರು ವರ್ಷ, ಆದರೆ ಅಸಿಸ್ಟೆಂಟ್‌ಶಿಪ್ ಸಿಕ್ಕರೆ ಶುಲ್ಕ ಮನ್ನಾ, ತಿಂಗಳ ಭತ್ಯೆ. ಸೀಟು ಕಡಿಮೆ, ಒಬ್ಬೊಬ್ಬ ಪ್ರೊಫೆಸರ್ ವರ್ಷಕ್ಕೆ ಒಬ್ಬರನ್ನೋ ಇಬ್ಬರನ್ನೋ ತಗೋತಾರೆ. ಹಾಗಾಗಿ ಅರ್ಜಿಯಲ್ಲಿ ನಿಮ್ಮ ಆಸಕ್ತಿ ಅವರ ಸಂಶೋಧನೆಗೆ ಹೊಂದುತ್ತೆ ಅಂತ ಕಾಣಬೇಕು. ಪಿಎಚ್‌ಡಿ ಅರ್ಜಿ ಹೆಚ್ಚಿನ ಕಡೆ ಡಿಸೆಂಬರ್-ಜನವರಿಯಲ್ಲೇ ಮುಗಿಯುತ್ತೆ. ಮೂರು ಶಿಫಾರಸು ಪತ್ರ ಬೇಕು, ಅದರಲ್ಲಿ ಡಿಸರ್ಟೇಶನ್ ಗೈಡ್‌ದು ಮುಖ್ಯ. ‘ಶ್ರದ್ಧಾವಂತ ವಿದ್ಯಾರ್ಥಿನಿ’ ಅಂತ ಬರೆದರೆ ಉಪಯೋಗ ಇಲ್ಲ. ಲೈನ್‌ಗಳ ಹೋಲಿಕೆಯನ್ನ ಹೇಗೆ ಲೆಕ್ಕಕ್ಕೆ ತಗೊಂಡ್ರಿ, ಅನುವಾದ ಹೇಗೆ ಪರೀಕ್ಷಿಸಿದ್ರಿ ಅಂತ ಅವರು ಬರೆಯೋ ಹಾಗಿರಬೇಕು.

ಜಿಆರ್‌ಇ (ಪಿಜಿ ಪ್ರವೇಶದ ಪರೀಕ್ಷೆ) ಕೆಲವು ಕಡೆ ಕೇಳ್ತಾರೆ, ಕೆಲವು ಕಡೆ ಬೇಡ. 2023ರ ಸೆಪ್ಟೆಂಬರ್‌ನಿಂದ ಪರೀಕ್ಷೆ 1 ಗಂಟೆ 58 ನಿಮಿಷಕ್ಕೆ ಇಳಿದಿದೆ, ಅಂಕ ಐದು ವರ್ಷ ಚಾಲ್ತಿ. 2022ರಲ್ಲಿ ಕೈಗಾರಿಕಾ ಮನೋವಿಜ್ಞಾನವನ್ನ ಅಮೆರಿಕದ ಸ್ಟೆಮ್ (ವಿಜ್ಞಾನ-ತಂತ್ರಜ್ಞಾನ ವಿಷಯಗಳ) ಪಟ್ಟಿಗೆ ಸೇರಿಸಿದರು. ಓದು ಮುಗಿದಮೇಲೆ 12 ತಿಂಗಳ ಕೆಲಸದ ಅವಕಾಶಕ್ಕೆ 24 ತಿಂಗಳ ವಿಸ್ತರಣೆ ಕೇಳಲು ಇದರಿಂದ ದಾರಿಯಾಯ್ತು. ಆದರೆ ಕೋರ್ಸಿನ ಸಂಕೇತ 42.2804 ಆಗಿರಬೇಕು. ‘ಸಾಮಾನ್ಯ ಮನೋವಿಜ್ಞಾನ’ ಅಂತ ನೋಂದಾಯಿಸಿರೋ ವಿಶ್ವವಿದ್ಯಾಲಯಗಳೂ ಇವೆ, ಸೇರೋ ಮೊದಲು ಇಮೇಲ್‌ನಲ್ಲಿ ಕೇಳಿ. ವೀಸಾ ನಿಯಮ ಬದಲಾಗುತ್ತಾ ಇರುತ್ತೆ, ಅರ್ಜಿ ಹಾಕೋ ವರ್ಷ ಮತ್ತೆ ನೋಡ್ಕೊಳ್ಳಿ.

ಬ್ರಿಟನ್‌ನಲ್ಲಿ ಎಂಎಸ್ಸಿ ಒಂದೇ ವರ್ಷ, ಅಲ್ಲಿ ಇದಕ್ಕೆ ಆಕ್ಯುಪೇಶನಲ್ ಸೈಕಾಲಜಿ ಅಂತಾರೆ. ಆ ಹುದ್ದೆಯ ಹೆಸರು ಅಲ್ಲಿ ಕಾನೂನಿನಿಂದ ರಕ್ಷಿತ, ನೋಂದಣಿ ಇಲ್ಲದೆ ಹಾಕ್ಕೊಳ್ಳೋ ಹಾಗಿಲ್ಲ. ಎಂಎಸ್ಸಿ ಒಂದರಿಂದಲೇ ಆ ನೋಂದಣಿ ಸಿಗಲ್ಲ, ಆಮೇಲೆ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಬೇಕು.

ಸದ್ಯಕ್ಕೆ ಬಿಎ ಪರೀಕ್ಷೆ ಮುಗಿದು ಪಿಜಿ ಶುರುವಾಗೋವರೆಗಿನ ಬಿಡುವಲ್ಲಿ ‘ಆರ್’ ಇನ್‌ಸ್ಟಾಲ್ ಮಾಡಿಕೊಂಡು ಸರಾಸರಿ, ಮಾನಕ ವಿಚಲನೆ, ಸಹಸಂಬಂಧ, ಆಲ್ಫಾ ಈ ನಾಲ್ಕನ್ನ ಕೈಯಲ್ಲೂ ಒಂದು ಸಲ ಲೆಕ್ಕ ಹಾಕಿ, ಕಂಪ್ಯೂಟರ್ ಉತ್ತರದ ಜೊತೆ ತಾಳೆ ನೋಡಿ. ಎಲ್ಲಾದ್ರೂ ಸಿಕ್ಕಿಹಾಕಿಕೊಂಡ್ರೆ ಕೋಡ್ ಇಲ್ಲೇ ಹಾಕಿ, ನೋಡ್ತೀನಿ.